ಕದನವಿರಾಮವೂ ಸಮಾಧಾನವೂ: ಮೊಜಾಂಬಿಕ್‌ನ ಅನುಭವ

ಕದನವಿರಾಮವನ್ನೇ ಸಮಾಧಾನವೆಂದು ಎಣಿಸುವ ತಪ್ಪಿಗೆ ಸಭೆಯೂ ಒಳಗಾಗುವುದುಂಟು. ಜನರ ಗಾಯಕ್ಕೆ ಮೇಲೆ ಮೇಲೆ ಮದ್ದು ಹಚ್ಚುವವರನ್ನು ಪ್ರವಾದಿಯಾದ ಯೆರೆಮೀಯನು ಖಂಡಿಸಿದ್ದು ಇಂಥ ತಪ್ಪಿಗಾಗಿಯೇ. ಆದರೂ ಕೊಲ್ಲುವ ಕೈ ಒಂದು ದಿನ ತಡೆದು ನಿಂತರೆ ಅದನ್ನು ಅಲ್ಪವೆನ್ನಲಾಗದು. ವಿರಾಮದ ಬೆಲೆ ಎಷ್ಟು, ಮಿತಿ ಎಲ್ಲಿ ಎಂಬುದನ್ನು ಮೊಜಾಂಬಿಕ್‌ನ ಇತಿಹಾಸ ತೋರಿಸಿಕೊಡುತ್ತದೆ.

1975ರಲ್ಲಿ ಪೋರ್ಚುಗಲ್‌ನಿಂದ ಸ್ವತಂತ್ರವಾದ ಆ ದೇಶದಲ್ಲಿ ಫ್ರೆಲಿಮೊ ಸರ್ಕಾರಕ್ಕೂ ರೆನಾಮೊ ಬಂಡುಕೋರರಿಗೂ ನಡೆದ ಯುದ್ಧ, ಅದರೊಡನೆ ಬಂದ ಹಸಿವು, ಸುಮಾರು ಹತ್ತು ಲಕ್ಷ ಜನರನ್ನು ಬಲಿತೆಗೆದುಕೊಂಡಿತೆಂದು ಅಂದಾಜು. 1990ರ ಜುಲೈನಲ್ಲಿ ರೋಮ್‌ನ ಸಂತ ಎಜಿಡಿಯೊ ಸಮುದಾಯದ ನಿವಾಸದಲ್ಲಿ ಮಾತುಕತೆ ಆರಂಭವಾಯಿತು. ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವಿಸ್ ಮಧ್ಯಸ್ಥರಲ್ಲೊಬ್ಬರು. ಆ ವರ್ಷದ ಡಿಸೆಂಬರ್‌ನಲ್ಲಿ ಭಾಗಶಃ ವಿರಾಮವೊಂದು ಕೈಗೂಡಿತು: ಸರ್ಕಾರದ ನೆರವಿಗೆ ಬಂದಿದ್ದ ಜಿಂಬಾಬ್ವೆಯ ಸೈನಿಕರು ಬೈರಾ ಮತ್ತು ಲಿಂಪೊಪೊ ರೈಲುಮಾರ್ಗಗಳ ಪಟ್ಟಿಯೊಳಗೇ ಉಳಿಯಬೇಕು, ರೆನಾಮೊ ಆ ಮಾರ್ಗಗಳ ಮೇಲೆ ದಾಳಿ ಮಾಡಬಾರದು. ಸರಕು ಸಾಗುವ ದಾರಿಗೆ ರಕ್ಷಣೆ ದೊರೆಯಿತು; ಪಟ್ಟಿಯ ಹೊರಗಿನ ಹಳ್ಳಿಗಳಲ್ಲಿ ಯುದ್ಧ ಇನ್ನೂ ಸುಮಾರು ಎರಡು ವರ್ಷ ನಡೆಯಿತು. ಆದುದರಿಂದ ಯಾವ ವಿರಾಮದ ವಿಷಯದಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ, ಅದರ ಗೆರೆಯ ಹೊರಗೆ ಉಳಿದವರು ಯಾರು ಎಂಬುದೇ.

1992ರ ಅಕ್ಟೋಬರ್ 4ರಂದು ಅಧ್ಯಕ್ಷ ಶಿಸಾನೊ ಮತ್ತು ರೆನಾಮೊ ನಾಯಕ ಢ್ಲಾಕಾಮಾ ಪೂರ್ಣ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವೇಳೆಗೆ ಅಂಗೋಲಾದಲ್ಲಿ 1991ರ ಒಪ್ಪಂದ ಕುಸಿಯುತ್ತಿತ್ತು. ಅಲ್ಲಿ ಎರಡೂ ಸೈನ್ಯಗಳ ವಿಸರ್ಜನೆ ಮುಗಿಯುವ ಮುನ್ನವೇ ಚುನಾವಣೆ ನಡೆದಿತ್ತು. ಸೋಲನ್ನೊಪ್ಪದ ಸವಿಂಬಿಯ ಕೈಯಲ್ಲಿ ಸೈನ್ಯ ಇನ್ನೂ ಉಳಿದಿತ್ತು. ಆ ಪಾಠ ಕಲಿತ ವಿಶ್ವಸಂಸ್ಥೆ ಮೊಜಾಂಬಿಕ್‌ಗೆ ದೊಡ್ಡ ಪಡೆಯನ್ನು ಕಳುಹಿಸಿತು. ಸೈನಿಕರನ್ನು ಶಿಬಿರಗಳಿಗೆ ಕರೆತಂದು ಬಿಡುಗಡೆ ಮಾಡಿದ ಬಳಿಕ, 1994ರ ಅಕ್ಟೋಬರ್‌ನಲ್ಲಿ ಮತದಾನವಾಯಿತು. ಕದನವಿರಾಮವು ಒದಗಿಸುವುದು ಕಾಲವನ್ನು ಮಾತ್ರ. ಆ ಕಾಲ ಅಂಗೋಲಾದಲ್ಲಿ ವ್ಯರ್ಥವಾಯಿತು, ಮೊಜಾಂಬಿಕ್‌ನಲ್ಲಿ ಬಳಕೆಯಾಯಿತು.

1995ರಲ್ಲಿ ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆಯವರ ಮುಂದಾಳುತನದಲ್ಲಿ ಅಲ್ಲಿನ ಕ್ರೈಸ್ತ ಪರಿಷತ್ತು, ಬಂದೂಕು ತಂದೊಪ್ಪಿಸಿದವರಿಗೆ ಗುದ್ದಲಿ, ಸೈಕಲ್, ಹೊಲಿಗೆಯಂತ್ರಗಳನ್ನು ಕೊಡುವ ಕಾರ್ಯ ಕೈಗೊಂಡಿತು. ಯೆಶಾಯನ ದರ್ಶನಕ್ಕೆ ಇಷ್ಟು ಹತ್ತಿರದ ವ್ಯಾಖ್ಯಾನ ಅಪರೂಪ.

ಆದರೆ ಒಪ್ಪಂದದ ತಿಂಗಳಲ್ಲೇ ಸಾರ್ವತ್ರಿಕ ಕ್ಷಮಾದಾನದ ಕಾನೂನು ಬಂದಿತ್ತು. ಸತ್ಯಶೋಧನಾ ಆಯೋಗ ರಚನೆಯಾಗಲಿಲ್ಲ. ಕೊಲೆಗಳ ಕುರಿತು ಸಾರ್ವಜನಿಕ ಅರಿಕೆ ನಡೆಯಲಿಲ್ಲ. ರೆನಾಮೊ ತನ್ನ ಶಸ್ತ್ರಗಳನ್ನೆಲ್ಲ ಒಪ್ಪಿಸಿರಲೂ ಇಲ್ಲ. 2013ರಲ್ಲಿ ಘರ್ಷಣೆ ಮರುಕಳಿಸಿ, 2019ರಲ್ಲಿ ಮತ್ತೊಂದು ಒಪ್ಪಂದ ಬೇಕಾಯಿತು. ಅರಿಕೆಯಿಲ್ಲದ ಕ್ಷಮೆಯನ್ನು ಸಂಧಾನವೆಂದು ಕರೆಯಬಹುದೇ? ಗುಂಡಿನ ಸದ್ದು ನಿಂತ ಮೇಲೂ ಸಭೆಯು ಈ ಪ್ರಶ್ನೆಯನ್ನು ಬಿಡಲಾಗದು.