ಬಂದ್: ಒಂದು ಪದ, ಹಲವು ಗಂಟು

2023ರ ಸೆಪ್ಟೆಂಬರ್ 29. ಕಾವೇರಿ ನೀರಿಗಾಗಿ ಕರ್ನಾಟಕ ಬಂದ್. ನಮ್ಮ ರಸ್ತೆಯ ದರ್ಶಿನಿಯವರು ಶಟರ್ ಅರ್ಧ ಇಳಿಸಿ ಒಳಗೆ ಕಾಫಿ ಕೊಡ್ತಾ ಇದ್ರು. "ಬಂದ್‌ಗೆ ನಿಮ್ಮ ಬೆಂಬಲ ಇದ್ಯಾ, ಇಲ್ವಾ?" ಅಂತ ಕೇಳಿದೆ. "ಬೆಂಬಲಾನೂ ಇದೆ ಸರ್, ಭಯಾನೂ ಇದೆ" ಅಂದ್ರು. ಅದೇ ದಿನ ಬೆಂಗಳೂರಲ್ಲಿ 144ನೇ ಸೆಕ್ಷನ್ ಜಾರಿಯಲ್ಲಿತ್ತು. ಅಂದರೆ ಬಂದ್ ಮಾಡುವವರ ಮೇಲೂ ಒಂದು ನಿರ್ಬಂಧ. ಬಂದ್, ನಿರ್ಬಂಧ: ಎರಡೂ ಒಂದೇ ಬೇರಿನವಾ? ಈ ಪ್ರಶ್ನೆ ಹಿಡಿದು ನಿಘಂಟುಗಳ ಹಿಂದೆ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಪರ್ಷಿಯಾದ ಗಂಟು

ನಮ್ಮ 'ಬಂದ್' ಹಿಂದಿ-ಉರ್ದು ಮೂಲಕ ಬಂದದ್ದು. ಅವಕ್ಕೆ ಕೊಟ್ಟದ್ದು ಪರ್ಷಿಯನ್. ಅಲ್ಲಿ 'ಬಂದ್' ಎಂದರೆ ಕಟ್ಟು, ಗಂಟು, ಸಂಕೋಲೆ, ನೀರಿಗೆ ಹಾಕಿದ ಕಟ್ಟೆ. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿರುವ ನೀಲಿ ಸರೋವರಗಳ ಹೆಸರು 'ಬಂದ್-ಎ-ಅಮೀರ್', ಅಂದರೆ ಅಮೀರನ ಕಟ್ಟೆ.

ಸಂಸ್ಕೃತದ 'ಬಂಧ' ಇದರ ತಾಯಿಯಲ್ಲ, ಸೋದರಿ. ಎರಡೂ ಇಂಡೋ-ಯುರೋಪಿಯನ್ ಭಾಷೆಗಳ ಒಂದೇ ಹಳೆಯ ಬೇರಿನಿಂದ ಹುಟ್ಟಿದವು. ಆ ಬೇರಿನ ಅರ್ಥ 'ಕಟ್ಟು'. ಇಂಗ್ಲಿಷಿನ 'ಬೈಂಡ್' ಕೂಡ ಅದೇ ಮನೆತನದ್ದು. ಹಾಗಾಗಿ ಬಂದ್ ಮತ್ತು ನಿರ್ಬಂಧ ನೆಂಟರು ಹೌದು, ಆದರೆ ಕನ್ನಡಕ್ಕೆ ಬೇರೆ ಬೇರೆ ದಾರಿಯಲ್ಲಿ ಬಂದವರು.

ಈ ಬೇರು ಮನುಷ್ಯರನ್ನೂ ಕಟ್ಟಿದೆ. ಸಂಸ್ಕೃತದಲ್ಲಿ ಅದು 'ಬಂಧು' ಆಯಿತು, 'ಸಂಬಂಧ' ಆಯಿತು. ಪರ್ಷಿಯನ್‌ನಲ್ಲಿ ದಾಸ, ಸೇವಕ ಎಂಬ ಅರ್ಥದ 'ಬಂದೆ' ಆಯಿತು. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಎರಡೂವರೆ ಸಾವಿರ ವರ್ಷಗಳ ಹಿಂದೆ ದೊರೆ ಡೇರಿಯಸ್ ಕೊರೆಸಿದ ಶಾಸನದಲ್ಲಿ ತನ್ನ ಅಧೀನರನ್ನು 'ಬಂದಕ' ಎಂದು ಕರೆದಿದ್ದಾನೆ. ಇವತ್ತು ಹಿಂದಿ, ಪಂಜಾಬಿಯಲ್ಲಿ 'ಬಂದಾ' ಅಂದರೆ ಬರೀ ಒಬ್ಬ ಮನುಷ್ಯ, ಅಷ್ಟೇ. ಒಂದೇ ಬೇರು ನೆಂಟನಿಗೂ ಆಳಿಗೂ ಹೆಸರು ಕೊಟ್ಟಿದೆ.

ಶಾಂಘೈ, ಬರ್ಲಿನ್

ಬ್ರಿಟಿಷರು ಇಂಡಿಯಾದಲ್ಲಿ ಕೆರೆ ಏರಿಗೆ 'ಬಂಡ್' ಅನ್ನೋದನ್ನ ಕಲಿತರು. ಹೈದರಾಬಾದಿನ ಹುಸೇನ್ ಸಾಗರದ ಟ್ಯಾಂಕ್ ಬಂಡ್ ಅದರ ಉಳಿಕೆ. ಈ ಪದ ಅವರ ಜೊತೆ ಹಡಗು ಹತ್ತಿ ಚೀನಾಕ್ಕೂ ಹೋಯಿತು. ಶಾಂಘೈನ ಪ್ರಸಿದ್ಧ ನದಿದಂಡೆಗೆ ಇಂಗ್ಲಿಷಿನಲ್ಲಿ ಇವತ್ತಿಗೂ 'ದಿ ಬಂಡ್' ಎಂದೇ ಹೆಸರು. ಚೀನೀಯರು ಅದನ್ನು ಕರೆಯುವುದು 'ವೈಟಾನ್' ಅಂತ.

ಜರ್ಮನ್ನರು ಅದೇ ಬೇರಿನಿಂದ 'ಬುಂಡ್' ಮಾಡಿಕೊಂಡರು. ಅದಕ್ಕೆ ಒಕ್ಕೂಟ ಎಂಬ ಅರ್ಥ. ಸಂಸತ್ತು 'ಬುಂಡೆಸ್ಟಾಗ್', ಫುಟ್‌ಬಾಲ್ ಲೀಗ್ 'ಬುಂಡೆಸ್‌ಲಿಗಾ'. 1897ರಲ್ಲಿ ರಷ್ಯನ್ ಸಾಮ್ರಾಜ್ಯದ ವಿಲ್ನಾದಲ್ಲಿ ಯಹೂದಿ ಕಾರ್ಮಿಕರು ಕಟ್ಟಿದ ಸಮಾಜವಾದಿ ಸಂಘಟನೆಯ ಹೆಸರೂ 'ಬುಂಡ್'. ನಮ್ಮಲ್ಲಿ ಬಾಗಿಲು ಮುಚ್ಚುವ ಪದ, ಅಲ್ಲಿ ಕೈ ಜೋಡಿಸುವ ಪದ.

ನೆಂಟರಲ್ಲದವರು

ಸದ್ದು ಒಂದೇ ಎಂದ ಮಾತ್ರಕ್ಕೆ ಬೇರು ಒಂದೇ ಅಲ್ಲ. ಕನ್ನಡದ 'ಬಂದ' ಹುಟ್ಟಿದ್ದು 'ಬರು'ವಿನಿಂದ, ತಮಿಳಿನ 'ವಂದಾನ್' ಅದರ ಒಡಹುಟ್ಟು. 'ಬಂದ್‌ಗೆ ಬಂದ ಜನ' ಎಂದಾಗ ಒಂದೇ ಸಾಲಿನಲ್ಲಿ ಎರಡು ಭಾಷಾ ಕುಟುಂಬ!

ಇಂಗ್ಲಿಷಿನ 'ಬಾಂಡ್' ಇನ್ನೂ ಮಜವಾಗಿದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಚುನಾವಣಾ ಬಾಂಡ್‌ನಲ್ಲಿರುವ ಬಾಂಡ್ ಈ 'ಕಟ್ಟು' ಬೇರಿನದೇ. ಆದರೆ ಗುಲಾಮಗಿರಿ ಎಂಬ ಅರ್ಥದ 'ಬಾಂಡೇಜ್' ಮೂಲದಲ್ಲಿ ಬೇರೆ. ಹಳೆಯ ನಾರ್ಸ್ ಭಾಷೆಯಲ್ಲಿ 'ಬೋಂಡಿ' ಅಂದರೆ ಮನೆ-ಹೊಲ ಇದ್ದ ರೈತ. 'ಹಸ್ಬೆಂಡ್' ಪದದ ಬಾಲವೂ ಇವನೇ. ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆ ರೈತ ಜಮೀನ್ದಾರನ ಆಳಾದ, ಪದದ ಅರ್ಥವೂ ಅವನ ಜೊತೆ ಕುಸಿಯಿತು. ಆಮೇಲೆ ಜನ ಅದನ್ನೂ 'ಕಟ್ಟು' ಅಂತಲೇ ಕೇಳಿಸಿಕೊಂಡರು.

ಬಂದ್ ಮತ್ತು ಬಂದೋಬಸ್ತ್

'ಬಂದೋಬಸ್ತ್' ಕೂಡ ಪರ್ಷಿಯನ್. ಅಕ್ಷರಶಃ ಅರ್ಥ 'ಕಟ್ಟು ಮತ್ತು ಕಟ್ಟಿದ್ದು', ಅಂದರೆ ವ್ಯವಸ್ಥೆ. ಭೂಕಂದಾಯ ನಿಗದಿಗೂ ಇದೇ ಪದ. 1793ರಲ್ಲಿ ಕಾರ್ನ್‌ವಾಲಿಸ್ ಬಂಗಾಳದ ಮೇಲೆ ಹೇರಿದ ಕಾಯಂ ಕಂದಾಯ ಪದ್ಧತಿಯನ್ನು ಬಂಗಾಳಿಗಳು 'ಬಂದೋಬಸ್ತ್' ಎಂದೇ ಕರೆಯುತ್ತಾರೆ. ನಮಗೆ ಅದು ಪೊಲೀಸ್ ಕಾವಲು. ಜನ ಕಟ್ಟಿದರೆ ಬಂದ್, ಸರ್ಕಾರ ಕಟ್ಟಿದರೆ ಬಂದೋಬಸ್ತ್!

ಇಲ್ಲೇ ನನ್ನ ತಕರಾರು ಇರೋದು. 1997ರಲ್ಲಿ ಕೇರಳ ಹೈಕೋರ್ಟ್ ಬಂದ್ ಕರೆ ಸಂವಿಧಾನಬಾಹಿರ ಎಂದಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹರತಾಳ, ಮುಷ್ಕರ ಬೇರೆ, ಬಂದ್ ಬೇರೆ. ಬಂದ್ ಕರೆಯಲ್ಲೇ ಬೆದರಿಕೆ ಅಡಗಿರುತ್ತದೆ, ಒಪ್ಪದವನನ್ನೂ ಅದು ಕಟ್ಟಿಹಾಕುತ್ತದೆ ಎಂಬುದು ತರ್ಕ. ನಮ್ಮ ದರ್ಶಿನಿಯವರ 'ಭಯಾನೂ ಇದೆ' ನೆನೆದರೆ ಈ ತರ್ಕವನ್ನು ತಳ್ಳಿಹಾಕೋಕೆ ಆಗಲ್ಲ. ದಿನಗೂಲಿಯವರ ಒಂದು ದಿನದ ಅನ್ನವನ್ನು ಅವರನ್ನು ಕೇಳದೆ ಹೋರಾಟಕ್ಕೆ ಬರೆದುಕೊಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಅದೇ ಅಳತೆಗೋಲು ಸರ್ಕಾರಕ್ಕೂ ಬೇಡ್ವಾ? 2016ರ ನವೆಂಬರ್ 8ರ ರಾತ್ರಿ ನಡೆದದ್ದು 'ನೋಟ್‌ಬಂದಿ'. 2019ರ ಆಗಸ್ಟ್‌ನಿಂದ ಕಾಶ್ಮೀರದಲ್ಲಿ ತಿಂಗಳುಗಟ್ಟಲೆ ಇಂಟರ್‌ನೆಟ್ ಬಂದ್. ಅನಿರ್ದಿಷ್ಟ ಕಾಲ ಹೀಗೆ ಮಾಡುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು 2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಅದನ್ನು ನಾವು ಬಂದ್ ಅಂತ ಕರೆಯೋದು ಅಪರೂಪ. 'ಸೇವೆ ತಾತ್ಕಾಲಿಕ ಸ್ಥಗಿತ' ಅಂತ ಓದಿ ಮುಂದಕ್ಕೆ ಹೋಗ್ತೀವಿ.

ಮುಂದಿನ ಬಂದ್ ಕರೆ ವಾಟ್ಸ್ಯಾಪ್‌ಗೆ ಬಂದಾಗ ನಾನು ಎರಡು ಪ್ರಶ್ನೆ ಕೇಳ್ತೀನಿ. ಶಟರ್ ಎಳೆಯುವವರು ಒಪ್ಪಿ ಎಳೆಯುತ್ತಿದ್ದಾರಾ? ಒಪ್ಪದೆ ತೆರೆದಿಟ್ಟರೆ ಅವರಿಗೆ ಏನಾಗುತ್ತೆ? ಸರ್ಕಾರ ಇಂಟರ್‌ನೆಟ್ ನಿಲ್ಲಿಸಿದಾಗಲೂ, ನಿಷೇಧಾಜ್ಞೆ ಹಾಕಿದಾಗಲೂ ಇವೇ ಎರಡು ಪ್ರಶ್ನೆ. ಉತ್ತರ ಕೊಡೋಕೆ ಇಬ್ಬರೂ ತಯಾರಿರಬೇಕು.