ಬೆಲೆಬಾಳುವ ಉಡುಪಿನ ವಿಮೆ

ರೇಷ್ಮೆ ಸೀರೆ, ಜರತಾರಿ ಬಟ್ಟೆಗಳು ಸುಟ್ಟಾಗ, ಕೆಟ್ಟಾಗ, ಕಳವಾದಾಗ ನಷ್ಟ ತುಂಬಿಕೊಡುವ ಏರ್ಪಾಡು. ಭಾರತದಲ್ಲಿ ಇದು ಸಾಮಾನ್ಯವಾಗಿ ಗೃಹವಿಮೆಯ ಒಂದು ಭಾಗ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೂ ಆ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ರಕ್ಷಣೆ ತಾನಾಗಿ ಸಿಗುತ್ತದೆ. ಬೀರುವಿನ ಸೀರೆಗಳು ಈ ಲೆಕ್ಕಕ್ಕೇ ಸೇರುತ್ತವೆ. ಬೆಂಕಿ, ಸಿಡಿಲು, ನೆರೆ ಇದರ ವ್ಯಾಪ್ತಿಯಲ್ಲಿವೆ. ಕಳವಿಗೆ ಪರಿಹಾರ ಸಿಗುವುದು ಅಂಥ ಅವಘಡದ ನಂತರದ 7 ದಿನಗಳೊಳಗೆ ನಡೆದರೆ ಮಾತ್ರ. ಬರೀ ಕನ್ನಗಳ್ಳತನಕ್ಕೆ ಬೇರೆ ವಿಮೆ ಬೇಕು. ನುಸಿ, ಇಲಿ, ಮಡಿಕೆಯಲ್ಲಿ ಸೀಳುವಿಕೆ, ಅಂದರೆ ಸೀರೆಯ ನಿಜವಾದ ಶತ್ರುಗಳು, ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ.

ತೊಡಕು ಬೆಲೆಯ ಪುರಾವೆಯದು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಮೈಸೂರು ರೇಷ್ಮೆ ಸೀರೆಗೆ ಪ್ರತ್ಯೇಕ ಸಂಖ್ಯೆಯಿದೆ, ರಸೀದಿಯೂ ಇರುತ್ತದೆ. ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯವರು ತಮ್ಮ ಜಿಲ್ಲೆಯದೇ ಆದ, ಭೌಗೋಳಿಕ ಸೂಚಕ ಪಡೆದ ಮೊಳಕಾಲ್ಮೂರು ಸೀರೆಯನ್ನು ಮಗ್ಗದ ಮನೆಯಲ್ಲೇ ಬಿಲ್ಲಿಲ್ಲದೆ ಕೊಂಡರೆ ಬೆಲೆ ಸಾಬೀತುಪಡಿಸುವುದು ಕಷ್ಟ. ಸೆರಗು, ಅಂಚಿನ ಫೋಟೊ ಆಗ ಒಂದಿಷ್ಟು ನೆರವಾದೀತು. ಅಜ್ಜಿಯ ಸೀರೆಯ ಭಾವನಾತ್ಮಕ ಮೌಲ್ಯಕ್ಕೆ ಯಾವ ಪಾಲಿಸಿಯೂ ಹಣ ಕೊಡದು. ಪರಿಹಾರ ನಿರಾಕರಿಸಿದರೆ, ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಬಳಿಕ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.