ಒಳಗಿರೋರ ಲೆಕ್ಕ (ನಮ್ಮ ಭಾಗದ ಇತಿಹಾಸ – 6)

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಇವತ್ತು ನಾಲ್ಕೂ ಹಾವೇರಿ ಜಿಲ್ಲೆ. ಆದ್ರೆ ಬ್ರಿಟಿಷರ ಕಾಲದಲ್ಲಿ ಸವಣೂರು ನವಾಬರ ಸಂಸ್ಥಾನ, ಉಳಿದ ಮೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಆಡಳಿತ ಬೇರೆ, ದಫ್ತರವೂ ಬೇರೆ. 1948ರಲ್ಲಿ ಸಂಸ್ಥಾನ ವಿಲೀನವಾಯ್ತು, 1956ರಲ್ಲಿ ಎಲ್ಲರೂ ಮೈಸೂರು ರಾಜ್ಯಕ್ಕೆ ಬಂದ್ವಿ, 1997ರಲ್ಲಿ ಹಾವೇರಿ ಜಿಲ್ಲೆ ಆಯ್ತು.

ಜೈಲಿನ ಲೆಕ್ಕದ ಪದ್ಧತಿಯೂ ಹಳೇದೇ. 1894ರ ಕಾರಾಗೃಹ ಕಾಯ್ದೆಯ 12ನೇ ಕಲಂ ನೋಡ್ರಿ. ಸೂಪರಿಂಟೆಂಡೆಂಟ್ ಇಡಬೇಕಾದ ಪುಸ್ತಕಗಳ ಪಟ್ಟಿ ಅಲ್ಲೈತಿ: ಒಳಗೆ ಬಂದವರ ರಿಜಿಸ್ಟರ್, ಯಾರಿಗೆ ಯಾವಾಗ ಬಿಡುಗಡೆ ಅನ್ನೋ ಪುಸ್ತಕ, ಶಿಕ್ಷೆಯ ಪುಸ್ತಕ, ಸಂದರ್ಶಕರ ಪುಸ್ತಕ, ಕೈದಿಯಿಂದ ತೆಗೆದಿಟ್ಟ ದುಡ್ಡು-ವಸ್ತುಗಳ ದಾಖಲೆ. ಬಿಕಾಂನವರಿಗೆ ಇದು ಲೆಜರ್ ಇದ್ದಂಗೆ. ಆದ್ರೆ ಅದನ್ನ ಬರೆದದ್ದು ಮೇಲಧಿಕಾರಿ ನೋಡಲಿಕ್ಕೆ, ಜನರಿಗಲ್ಲ.

ಜನರಿಗೆ ಸಿಗೋದು ಎನ್‌ಸಿಆರ್‌ಬಿ ವಾರ್ಷಿಕ ವರದಿ. 2022ರ ಡಿಸೆಂಬರ್ 31ಕ್ಕೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದ್ರೆ ನಾಲ್ವರಲ್ಲಿ ಮೂವರು. ಈ ವರದಿ ಹೊರಬಂದದ್ದು 2023ರ ಕೊನೆಗೆ. ಬ್ಯಾಲೆನ್ಸ್ ಶೀಟ್ ಥರ ಒಂದೇ ದಿನದ ಚಿತ್ರ, ಅದೂ ವರ್ಷ ತಡವಾಗಿ. ಮಾರ್ಚಿನಲ್ಲಿ ಒಳಗೆ ಹೋಗಿ ಜೂನಿನಲ್ಲಿ ಹೊರಬಂದವನು ಆ ಚಿತ್ರದಾಗ ಇಲ್ಲ.

ತಡ ಆದ್ರೆ ಏನಾಗತ್ತೆ ಅಂತೀರಾ? 2024ರ ಜುಲೈ 1ರಿಂದ ಜಾರಿಯಲ್ಲಿರೋ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಓದ್ರಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪ ಬಿಟ್ಟು, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೆ ಗುರಿಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ರೆ ಬಾಂಡ್ ಮೇಲೆ ಬಿಡಬೇಕು. ಬೇರೆ ಕೇಸುಗಳು ಬಾಕಿ ಇದ್ರೆ ಇದು ಅನ್ವಯಿಸಲ್ಲ. ಮೂರು ವರ್ಷದ ಕೇಸಾದ್ರೆ ಒಂದು ವರ್ಷ. ಆ ದಿನ ಎಣಿಸಿ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಜೈಲಿನ ಸೂಪರಿಂಟೆಂಡೆಂಟ್. ರಿಜಿಸ್ಟರಿನಲ್ಲಿ ತಾರೀಖು ತಪ್ಪಿದ್ರೆ ವಕೀಲರಿಲ್ಲದ ಕೂಲಿಕಾರ ಒಳಗೇ ಉಳೀತಾನೆ.

ಹಂಗಂತ ಎಲ್ಲಾ ಬರೆದಿಡಬೇಕು ಅಂತಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲು ರಿಜಿಸ್ಟರುಗಳಿಂದ ಜಾತಿ ಕಾಲಂ ತೆಗೆಯೋಕೆ ಹೇಳಿತು. ಕೆಲವು ಕಾಲಂ ಹೋಗಬೇಕು, ಕೆಲವು ಹೊರಗೆ ಕಾಣಬೇಕು.

ಹೆಸರು ಬೇಡ. ತಿಂಗಳಿಗೊಮ್ಮೆ ಜೈಲಿನ ಬಾಗಿಲಿಗೆ ಐದು ಅಂಕಿ ಹಚ್ಚಲಿ: ಆರಂಭದಲ್ಲಿದ್ದವರು, ಬಂದವರು, ಹೋದವರು, ಉಳಿದವರು, ಅವಧಿ ಮುಗಿದೂ ಒಳಗಿರೋರು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ನಿಮ್ಮ ತಾಲೂಕಿನವರು ಎಷ್ಟು ಮಂದಿ ಒಳಗಿದ್ದಾರೆ ಅಂತ ನೀವೇ ಒಮ್ಮೆ ಕೇಳಿ ನೋಡ್ರಿ.

#ಹಾವೇರಿ #ನಮ್ಮಭಾಗದಇತಿಹಾಸ